ಪಡಖಾನೆಯ ಪದ



ಕಳೆದ ವರ್ಷದ ಬೇಸಿಗೆಯ ಒಂದು ಮಧ್ಯಾಹ್ನ, ಮೊಳಕಾಲ್ಮುರಿನಲ್ಲಿ ಒಬ್ಬ ತಾಯಿ ನನ್ನನ್ನು ಒಂದು ಪ್ರಶ್ನೆ ಕೇಳಿದರು. ರೇಷ್ಮೆ ಸೀರೆಯ ಮಗ್ಗಗಳಿಗೆ ಕಂಡಿಕೆ ಸುತ್ತಿಕೊಟ್ಟು ಜೀವನ ಸಾಗಿಸುವ ವಿಧವೆ ಆಕೆ. ಪಡಸಾಲೆಯಲ್ಲಿ ರಾಟೆಯ ಮುಂದೆ ಕುಳಿತಿದ್ದವರು ನನ್ನನ್ನು ಕಂಡೊಡನೆ ಎದ್ದು, ಒಳಗಿನಿಂದ ತಗಡಿನ ಪೆಟ್ಟಿಗೆಯೊಂದನ್ನು ತಂದು ನನ್ನ ಮುಂದಿಟ್ಟು ಮುಚ್ಚಳ ತೆಗೆದರು. ಅದರಲ್ಲಿ ನೋಟುಗಳಿದ್ದವು. ಬೆಂಗಳೂರಿನಲ್ಲಿರುವ ಮಗ ತಿಂಗಳು ತಿಂಗಳೂ ಕಳುಹಿಸಿದ ಹಣ. ಬ್ಯಾಂಕಿನಿಂದ ಬಿಡಿಸಿ ತಂದು ಇಟ್ಟಿದ್ದರೇ ಹೊರತು, ಹತ್ತು ತಿಂಗಳಿಂದ ಅದರಲ್ಲಿ ಒಂದು ರೂಪಾಯಿಯನ್ನೂ ಖರ್ಚು ಮಾಡಿರಲಿಲ್ಲ.

“ಪಬ್ಬಲ್ಲಿ ಹಾಡ್ತಾನಂತೆ ಫಾದರ್. ಕುಡಿಯೋರ ಮುಂದೆ ಕೂತು ಹಾಡಿ ತಂದ ದುಡ್ಡು ಇದು. ಅವರಪ್ಪನ್ನ ತಿಂದಿದ್ದೂ ಕುಡಿತಾನೇ ಅಲ್ವಾ? ನಾನಿದನ್ನ ಮುಟ್ಟಬಹುದಾ?”

ಗುರುಮಠದ ನೀತಿಶಾಸ್ತ್ರದ ತರಗತಿಯಲ್ಲಿ ನಮಗೆ ಇದಕ್ಕೆ ಉತ್ತರ ಕಲಿಸಿದ್ದರು. ಪರರ ತಪ್ಪಿನಲ್ಲಿ ನಮ್ಮ ಸಹಕಾರ ಎಷ್ಟು ಹತ್ತಿರದ್ದು, ಎಷ್ಟು ದೂರದ್ದು, ಮನಃಪೂರ್ವಕವಾದುದೋ ಅಲ್ಲವೋ ಎಂದು ವಿಂಗಡಿಸಿ ಅಳೆಯುವ ಒಂದು ಕ್ರಮವಿದೆ. ಆ ಅಳತೆಗೋಲು ಹಿಡಿದರೆ ಎರಡು ನಿಮಿಷದಲ್ಲಿ ಹೇಳಿಬಿಡಬಹುದಾಗಿತ್ತು: “ಮುಟ್ಟಬಹುದಮ್ಮ, ಹಾಡುವುದು ತಪ್ಪಲ್ಲ, ಕುಡಿಯುವವರ ಲೆಕ್ಕ ಕುಡಿಯುವವರದು.” ಆದರೆ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಆ ಪೆಟ್ಟಿಗೆಯಲ್ಲಿ ನನ್ನದೂ ಒಂದು ಹಳೆಯ ಬಾಕಿ ಇತ್ತು. “ಮೊದಲು ನಾನೇ ಹೋಗಿ ನೋಡಿ ಬರುತ್ತೇನೆ” ಎಂದು ಹೇಳಿ ಎದ್ದುಬಂದೆ.

ಈ ಪತ್ರಿಕೆಯ ಓದುಗರಲ್ಲಿ ಅನೇಕರು ಪಬ್‌ನ ಒಳಗನ್ನು ಕಂಡಿರಲಾರಿರಿ. ನಾನೂ ಕಂಡಿರಲಿಲ್ಲ. ಪಬ್ ಎಂಬುದು ‘ಪಬ್ಲಿಕ್ ಹೌಸ್’ ಎಂಬ ಇಂಗ್ಲಿಷ್ ಮಾತಿನ ಮೊಟಕು ರೂಪ. ಸಾರ್ವಜನಿಕರ ಮನೆ ಎಂದು ಅರ್ಥ. ಹೆಸರೇನೋ ನಮ್ಮ ಅರಳಿಕಟ್ಟೆಗೆ, ಛತ್ರಕ್ಕೆ ಒಪ್ಪುವಂತಹುದು! 1990ರ ಆಸುಪಾಸಿನಲ್ಲಿ ನಾನು ಬೆಂಗಳೂರಿನಲ್ಲಿ ಗುರುಮಠದ ವಿದ್ಯಾರ್ಥಿಯಾಗಿದ್ದಾಗ ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್‌ಗಳಲ್ಲಿ ಪಬ್‌ಗಳು ಒಂದರ ಹಿಂದೆ ಒಂದರಂತೆ ತೆರೆಯುತ್ತಿದ್ದವು. ಪತ್ರಿಕೆಗಳು ಬೆಂಗಳೂರನ್ನು ‘ಪಬ್‌ಗಳ ರಾಜಧಾನಿ’ ಎಂದು ಬರೆದದ್ದು ಆ ಕಾಲದಲ್ಲೇ. ಬ್ರಿಗೇಡ್ ರಸ್ತೆಯಿಂದ ಸಂತ ಮಾರ್ಕರ ರಸ್ತೆಗೆ ಹೋಗುವ ಆ ಬೀದಿಯಲ್ಲಿ ನಾವು ಹಳೆಯ ಪುಸ್ತಕಗಳನ್ನು ಹುಡುಕುತ್ತಾ ನಡೆಯುವಾಗ, ಮುಚ್ಚಿದ ಬಾಗಿಲುಗಳ ಹಿಂದಿನಿಂದ ಗಿಟಾರಿನ ಸದ್ದು ಕೇಳಿಬರುತ್ತಿತ್ತು. ನಾವು ಹೆಜ್ಜೆ ಚುರುಕುಗೊಳಿಸುತ್ತಿದ್ದೆವು. ಕಿವಿ ಮಾತ್ರ ಹಿಂದೆಯೇ ಉಳಿಯುತ್ತಿತ್ತು ಎಂಬುದನ್ನು ಇಂದು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ಇನ್ನೊಂದು ವಿಷಯವನ್ನು ಇಲ್ಲಿಯೇ ತಿಳಿಗೊಳಿಸಬೇಕು. ಆ ತಾಯಿಯ ಭಯಕ್ಕೆ ಅರ್ಧ ಕಾರಣ ‘ಲೈವ್’ ಎಂಬ ಪದ. ನಮ್ಮ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ‘ಲೈವ್ ಬ್ಯಾಂಡ್’ ಎಂದರೆ ಬಾರ್‌ಗಳಲ್ಲಿ ಹೆಣ್ಣುಮಕ್ಕಳನ್ನು ಕುಣಿಸುವ ವ್ಯವಹಾರವೆಂದೇ ಅರ್ಥವಾಗಿತ್ತು. ಅದಕ್ಕೆ ಪರವಾನಗಿಯ ಕಟ್ಟುಪಾಡು ವಿಧಿಸಿ ಬೆಂಗಳೂರಿನ ಪೊಲೀಸ್ ಆಯುಕ್ತರು 2005ರಲ್ಲಿ ಆದೇಶ ಹೊರಡಿಸಿದರು. ಮಾಲೀಕರು ನ್ಯಾಯಾಲಯಕ್ಕೆ ಹೋದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು. ಆಕೆಯ ಮಗ ಹಾಡುವುದು ಅಂತಹ ಸ್ಥಳದಲ್ಲಲ್ಲ. ಬಡಾವಣೆಯೊಂದರಲ್ಲಿ, ಕೆಲಸ ಮುಗಿಸಿದ ಸುತ್ತಲಿನ ಜನ ಸಂಜೆ ಬಂದು ಕೂರುವ, ವಾರದಲ್ಲಿ ಎರಡು ರಾತ್ರಿ ಸಂಗೀತ ಏರ್ಪಡಿಸುವ ಸಾಧಾರಣ ಪಬ್ ಅದು. ಹೀಗೆಂದು ಬೇರ್ಪಡಿಸಿ ಹೇಳುವುದು ಸುಲಭ, ಮೊಳಕಾಲ್ಮುರಿನ ಪಡಸಾಲೆಯಲ್ಲಿ ಕುಳಿತು ಅರ್ಥ ಮಾಡಿಸುವುದು ಕಷ್ಟ. ಹಾಗೆಯೇ, ಪಬ್ ಎಂದೊಡನೆ ದೊಣ್ಣೆ ಹಿಡಿಯುವವರ ಗುಂಪಿಗೂ ನಾನು ಸೇರಿದವನಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್‌ಗೆ ನುಗ್ಗಿ ಹೆಣ್ಣುಮಕ್ಕಳ ಮೇಲೆ ಕೈಮಾಡಿದವರೂ ಸಂಸ್ಕೃತಿಯ ಹೆಸರನ್ನೇ ಹೇಳಿದರು. ಅಂದು ಆ ಕೋಣೆಯಲ್ಲಿ ಕುಡಿದವರಿಗಿಂತ ಹೆಚ್ಚು ಅಮಲೇರಿದ್ದವರು ಹೊರಗಿನಿಂದ ಬಂದವರು.

ಚಳ್ಳಕೆರೆ, ಮೊಳಕಾಲ್ಮುರುಗಳಲ್ಲಿ ‘ಪಬ್’ ಎಂಬ ಫಲಕವನ್ನು ನಾನು ಕಂಡಿಲ್ಲ. ಬಾರ್‌ಗಳಿವೆ, ವೈನ್ ಶಾಪ್‌ಗಳಿವೆ. ಹಾಡು ಎಲ್ಲಿಯೂ ಇಲ್ಲ. ಆದರೆ ಹಿಂದೆ ಇತ್ತು. ಹಿರಿಯರನ್ನು ಕೇಳಿದರೆ ಪಡಖಾನೆಯ ಕಥೆಗಳನ್ನು ಹೇಳುತ್ತಾರೆ. ಹಳ್ಳದ ದಂಡೆಗಳಲ್ಲಿ ಈಚಲು ಮರಗಳು ದಟ್ಟವಾಗಿದ್ದ ಕಾಲ. ಕೊರೆದ ಮರಕ್ಕೆ ರಾತ್ರಿ ಕಟ್ಟಿದ ಗಡಿಗೆಯನ್ನು ಬೆಳಗಿನ ಜಾವ ಇಳಿಸಿದರೆ ಅದು ಸಿಹಿನೀರು. ಬಿಸಿಲೇರಿದಂತೆ ತಾನಾಗಿಯೇ ನೊರೆಯೆದ್ದು ಹುಳಿತು ಸಂಜೆಯ ಹೊತ್ತಿಗೆ ಹೆಂಡವಾಗುತ್ತಿತ್ತು. ಕೆಲವೇ ಗಂಟೆಗಳ ಆಯುಸ್ಸಿನ ಪದಾರ್ಥವಾದುದರಿಂದ ಅದನ್ನು ಹುಟ್ಟಿದ ಊರಿನಲ್ಲೇ, ಅಂದೇ, ಹತ್ತು ಜನರ ನಡುವೆ ಕುಳಿತು ಕುಡಿದು ಮುಗಿಸಬೇಕಿತ್ತು. ಮುಂದೆ ಹುರಿದ ಶೇಂಗಾ, ಉಪ್ಪು, ಮೆಣಸಿನಕಾಯಿ. ಎರಡನೆಯ ಬುಂಡೆಯ ಹೊತ್ತಿಗೆ ಯಾರಾದರೂ ಒಬ್ಬ ಪದ ಎತ್ತುತ್ತಿದ್ದ. ಒಬ್ಬ ಗಡಿಗೆಯ ಮೇಲೆ ತಾಳ ಹಾಕುತ್ತಿದ್ದ. ಮಿಕ್ಕವರು ಸೊಲ್ಲಿಗೆ ದನಿಗೂಡಿಸುತ್ತಿದ್ದರು. ಹಾಡುವವನಿಗೆ ಅದಕ್ಕಾಗಿ ಕಾಸು ಕೊಡುವ ಪದ್ಧತಿ ಇರಲಿಲ್ಲ.

ಕನ್ನಡ ಸಾಹಿತ್ಯಕ್ಕೂ ಈ ಪಡಖಾನೆ ಅಪರಿಚಿತವಲ್ಲ. 1930ರ ದಶಕದಲ್ಲಿ ಜಿ.ಪಿ. ರಾಜರತ್ನಂ ಅವರು ಹೆಂಡಗುಡುಕ ರತ್ನನನ್ನು ಸೃಷ್ಟಿಸಿ, ಅವನ ಬಾಯಲ್ಲಿ ಅವನದೇ ಆಡುನುಡಿಯ ಪದಗಳನ್ನು ಹಾಡಿಸಿದರು. ಬೌದ್ಧ ಗ್ರಂಥಗಳನ್ನು ಕನ್ನಡಕ್ಕೆ ತಂದ, ಮಕ್ಕಳ ಪದ್ಯಗಳನ್ನು ಬರೆದ ಶಿಸ್ತಿನ ಅಧ್ಯಾಪಕರೊಬ್ಬರಿಗೆ ಪಡಖಾನೆಯ ಬೆಂಚಿನ ಮೇಲೆ ಒಬ್ಬ ಕವಿ ಕಾಣಿಸಿದ್ದು ಹೇಗೆ? ರತ್ನ ತನ್ನ ಹೆಂಡತಿಯನ್ನು, ಕನ್ನಡವನ್ನು, ಮಡಿಕೇರಿಯ ಮಂಜನ್ನು ಕುರಿತು ಹಾಡಿದಾಗ ಅವನು ಕುಡುಕನೆಂಬುದು ನಮಗೆ ಮರೆತುಹೋಗುತ್ತದೆ. ಮೈಸೂರು ಅನಂತಸ್ವಾಮಿಯವರು, ಅವರ ನಂತರ ಅವರ ಮಗ ರಾಜು ಅನಂತಸ್ವಾಮಿಯವರು ಆ ಪದಗಳನ್ನು ಸಭೆ ಸಮಾರಂಭಗಳಿಗೆ ತಂದರು. ಕುಡಿತವನ್ನು ಬಾಗಿಲ ಹೊರಗೆ ನಿಲ್ಲಿಸಿದ ಮನೆಗಳಲ್ಲಿಯೂ ರತ್ನನಿಗೆ ಪ್ರವೇಶ ದೊರೆಯಿತು.

ಆ ತಾಯಿಯ ಗಂಡನೂ ಇಂತಹ ಒಬ್ಬ ರತ್ನ. ಗಾರೆ ಕೆಲಸದವನು. ಹೆಂಡದಂಗಡಿಯ ಹಾಡುಗಾರನೆಂದು ಮೂರು ಹಳ್ಳಿಗಳಿಗೆ ಪರಿಚಿತ. ಶಿಶುನಾಳ ಷರೀಫರ ತತ್ತ್ವಪದಗಳೆಂದರೆ ಅವನಿಗೆ ಪ್ರಾಣ. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂದು, ಸಿ. ಅಶ್ವತ್ಥರು ಕೂರಿಸಿದ ರಾಗಗಳು ಊರೂರಿನ ಟೇಪ್ ರೆಕಾರ್ಡರುಗಳಲ್ಲಿ ಮೊಳಗಿದಾಗ, ಅವುಗಳನ್ನು ಹಾಗೆಯೇ ಕಿವಿಯಿಂದ ಕಂಠಕ್ಕೆ ಇಳಿಸಿಕೊಂಡಿದ್ದನಂತೆ. ಆನಂತರ ಹೆಂಡದ ಬೆಂಚು ಹೋಗಿ ಸಾರಾಯಿಯ ಪಾಕೀಟು ಬಂತು. ಓದುಗರೇ, ಈ ಬದಲಾವಣೆಯ ಕಡೆ ನಾವು ಯಾರೂ ಸಾಕಷ್ಟು ಗಮನ ಕೊಡಲಿಲ್ಲವೆಂದು ನನಗೆ ತೋರುತ್ತದೆ. ಹೆಂಡಕ್ಕಿಂತ ಸಾರಾಯಿ ಎಷ್ಟೋ ಪಟ್ಟು ತೀಕ್ಷ್ಣ ಎಂಬುದು ಒಂದು ಮಾತು. ಪ್ಲಾಸ್ಟಿಕ್ ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ, ಗೋಡೆಯ ಮರೆಯಲ್ಲಿ ನಿಂತು, ಒಂದೇ ಗುಟುಕಿಗೆ ಇಳಿಸಿಬಿಡಬಹುದು ಎಂಬುದು ಅದಕ್ಕಿಂತ ದೊಡ್ಡ ಮಾತು. ಅಲ್ಲಿ ಕೂರಲು ಬೆಂಚಿಲ್ಲ, ಸೊಲ್ಲಿಗೆ ದನಿಗೂಡಿಸಲು ಜೊತೆಯವರಿಲ್ಲ, ಹಾಡಿಗೆ ಹೊತ್ತಿಲ್ಲ. ಆಕೆ ಹೇಳುವಂತೆ ಆತ ಹಾಡು ನಿಲ್ಲಿಸಿದ ವರ್ಷವೇ ಮನೆಯಲ್ಲಿ ಹೊಡೆತ ಆರಂಭವಾಯಿತು. 2006ರಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡು, ಜಿಲ್ಲಾ ಆಸ್ಪತ್ರೆಯಲ್ಲಿ ಆತ ತೀರಿಕೊಂಡಾಗ ಮಗನಿಗೆ ಎಂಟು ವರ್ಷ.

ಮರುವರ್ಷ, 2007ರ ಜುಲೈ 1ರಂದು, ಕರ್ನಾಟಕ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಎಷ್ಟೋ ಹೆಣ್ಣುಮಕ್ಕಳು ಅಂದು ಕಣ್ಣೀರು ಒರೆಸಿಕೊಂಡಿರಬೇಕು. ನಾನೂ ಸಂತೋಷಪಟ್ಟೆ. ಆದರೆ 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಭಾಗಗಳಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ಇಂದು ಹೆದ್ದಾರಿಯ ಬದಿಯ ಬೇವಿನ ಮರಗಳ ಕೆಳಗೆ ಬಿದ್ದಿರುವ ಪೊಟ್ಟಣಗಳನ್ನು ನೋಡಿ. ತೊಂಬತ್ತು ಮಿಲಿಲೀಟರಿನ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್. ಅದೇ ಪಾಕೀಟು ಅಂಗಿ ಬದಲಿಸಿಕೊಂಡು ಹಿಂತಿರುಗಿದೆ. ಅದೇ ಒಂಟಿತನವೂ ಹಿಂತಿರುಗಿದೆ.

ಹಾಗೆಂದು ಹಾಡಿಗೆ ಹೆಂಡ ಬೇಕೇಬೇಕು ಎಂದು ಯಾರಾದರೂ ವಾದಿಸಿದರೆ, ಅವರನ್ನು ಇದೇ ಸೀಮೆಯ ಹಟ್ಟಿಗಳಿಗೆ ಕರೆದೊಯ್ಯಬೇಕು. ಇಲ್ಲಿನ ಮ್ಯಾಸಬೇಡರಲ್ಲಿ ಈಚಲು ಹೆಂಡವನ್ನು ಮುಟ್ಟಬಾರದೆಂಬ ಕಟ್ಟಳೆ ಇದೆ. ಮೈಸೂರು ಸಂಸ್ಥಾನದ ಹಳೆಯ ವರದಿಗಳೂ ಇದನ್ನು ದಾಖಲಿಸಿವೆ. ಆದರೂ ಉರುಮೆಯ ಸದ್ದಿಗೆ ಅವರ ವೀರರ ಕಥನಗಳು ರಾತ್ರಿಯಿಡೀ ಸಾಗುತ್ತವೆ. ಕಾಡುಗೊಲ್ಲರಲ್ಲಿ ಜುಂಜಪ್ಪನ ಹಾಡಿಗೆ ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ನೆನೆಯದೆ ಈ ಮಾತು ಪೂರ್ಣವಾಗದು. ಅಕ್ಷರ ಕಲಿಯದ ಆ ತಾಯಿಯ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ವಿದ್ವಾಂಸರಾದ ಕೃಷ್ಣಮೂರ್ತಿ ಹನೂರರು ಹಟ್ಟಿಗೆ ಹೋಗಿ ಕುಳಿತು ಅವನ್ನು ಕೇಳಿ ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ನೀಡಿತು. ಆಕೆಯನ್ನು ಕಾಣುವ ಭಾಗ್ಯ ನನಗಿರಲಿಲ್ಲ. ಆದರೆ ಒಂದು ಸಂಗತಿ ನನ್ನನ್ನು ಮತ್ತೆ ಮತ್ತೆ ಕಾಡುತ್ತದೆ. ಹನೂರರು ಹೋಗಿ ಕುಳಿತು ಕೇಳಿದರು. ಕೇಳುವವನೊಬ್ಬ ಎದುರಿಗೆ ಕುಳಿತಾಗ ಹಾಡು ಹಾಡಾಗುತ್ತದೆ.

ಕೇಳದೆ ಹೋದವನು ನಾನು. ಈಗ ಆ ಹಳೆಯ ಬಾಕಿಯ ಮಾತಿಗೆ ಬರುತ್ತೇನೆ.

2016ರಲ್ಲಿ ಆ ಹುಡುಗನಿಗೆ ಹದಿನೆಂಟು ವರ್ಷ. ನಾನು ಆಗ ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದ ಗಾನವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದ. ನಮ್ಮ ಗಾನವೃಂದಗಳ ಹಣೆಬರಹ ನಿಮಗೆ ಗೊತ್ತೇ ಇದೆ: ಒಂದು ಕೀಬೋರ್ಡು, ತಂತಿ ತುಂಡಾದ ಒಂದು ಗಿಟಾರು, ಶನಿವಾರ ಸಂಜೆಯ ಅಭ್ಯಾಸಕ್ಕೆ ಬಾರದ ಅರ್ಧ ಮಂದಿ. ಇವನು ಮಾತ್ರ ತಪ್ಪದೆ ಬರುತ್ತಿದ್ದ. ಒಂದು ಭಾನುವಾರ, ಬಲಿಪೂಜೆಯ ಕಾಣಿಕೆಯ ಗೀತೆಯನ್ನು ಅವನು ಹಳೆಯ ರಾಗದಲ್ಲಿ ನುಡಿಸದೆ ತತ್ತ್ವಪದದ ಮಟ್ಟಿನಲ್ಲಿ, ತಾಳ ಎತ್ತರಿಸಿ ನುಡಿಸಿದ. ಹಿಂದಿನ ಸಾಲಿನ ಹುಡುಗರು ಚಪ್ಪಾಳೆ ತಟ್ಟಿದರು. ನನಗೆ ಸಿಟ್ಟು ಬಂತು. ಬಲಿಪೂಜೆ ಮುಗಿದ ಮೇಲೆ ಎಲ್ಲರೂ ನಿಂತಿದ್ದ ಹಾಗೆಯೇ, ಧ್ವನಿವರ್ಧಕ ಆರಿಸುವ ಮೊದಲೇ, “ಇದು ದೇವಾಲಯ, ಬಾರ್ ಅಲ್ಲ” ಎಂದುಬಿಟ್ಟೆ.

ಯಾರ ಮಗನಿಗೆ ಆ ಮಾತನ್ನು ಹೇಳಿದೆ ಎಂಬುದು ನನಗೆ ಹೊಳೆದದ್ದು ರಾತ್ರಿ ಊಟಕ್ಕೆ ಕುಳಿತಾಗ. ಮುಂದಿನ ಭಾನುವಾರ ಅವನು ಬರಲಿಲ್ಲ. ನಾನು ಕರೆಕಳುಹಿಸಲೂ ಇಲ್ಲ. ಕೆಲವೇ ತಿಂಗಳಲ್ಲಿ ಬೆಂಗಳೂರಿಗೆ ಹೋದನೆಂದು ತಿಳಿಯಿತು. ಸಂತ ಅಗಸ್ಟಿನರು ತಮ್ಮ ಆತ್ಮಕಥೆಯ ಹತ್ತನೆಯ ಪುಸ್ತಕದಲ್ಲಿ, ಹಾಡಿನ ಅರ್ಥಕ್ಕಿಂತ ಹಾಡುವ ದನಿಗೇ ಮನಸೋತಾಗ ತಾವು ತಪ್ಪು ಮಾಡಿದಂತೆ ಕಳವಳಪಡುವುದಾಗಿ ಹೇಳಿಕೊಂಡಿದ್ದಾರೆ. ಗುರುಮಠದಲ್ಲಿ ಅದನ್ನು ಓದಿದ್ದ ನಾನು, ಅಂದಿನ ನನ್ನ ಸಿಟ್ಟಿಗೆ ಆ ಮಹಾತ್ಮರ ಹೆಸರನ್ನು ಬಹಳ ದಿನ ಹೊದಿಸಿಕೊಂಡಿದ್ದೆ. ಅಗಸ್ಟಿನರು ತಮ್ಮ ಕಿವಿಯನ್ನು ತಾವೇ ವಿಚಾರಿಸಿಕೊಂಡರು. ನಾನು ಬೇರೊಬ್ಬನ ಕೊರಳನ್ನು ಹಿಡಿದೆ.

ಹೀಗೆ ಕಳೆದ ವರ್ಷ ಒಂದು ಶುಕ್ರವಾರ ಸಂಜೆ, ಸಾಧಾರಣ ಅಂಗಿ ತೊಟ್ಟು, ವಿಳಾಸ ಹಿಡಿದು ಆ ಪಬ್‌ಗೆ ಹೋದೆ. ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ನನ್ನ ನರೆಗೂದಲನ್ನು ನೋಡಿ, ಮಗನನ್ನು ಹುಡುಕಿಕೊಂಡು ಬಂದ ತಂದೆಯೆಂದು ತಿಳಿದನೋ ಏನೋ, ತುಂಬ ಗೌರವದಿಂದ ಒಳಗೆ ಬಿಟ್ಟ. ಮೂಲೆಯ ಮೇಜಿನಲ್ಲಿ ಕುಳಿತು ನಿಂಬೆ ಸೋಡಾ ತರಿಸಿಕೊಂಡೆ. ನಾನು ಕಲ್ಪಿಸಿಕೊಂಡಿದ್ದ ನರಕ ಅಲ್ಲಿರಲಿಲ್ಲ. ನಾನು ಕಲ್ಪಿಸಿಕೊಂಡಿರದ ದಣಿವು ಇತ್ತು. ಕುತ್ತಿಗೆಯಲ್ಲಿ ಕಚೇರಿಯ ಗುರುತಿನ ಚೀಟಿ ತೆಗೆಯುವುದನ್ನೂ ಮರೆತ ಯುವಕರು. ಒಬ್ಬರ ಮಾತಿಗೆ ಇನ್ನೊಬ್ಬರು ಫೋನು ನೋಡುತ್ತಲೇ ತಲೆಯಾಡಿಸುವುದು. ಗೋಡೆಯ ಮೇಲೆ ಸದ್ದಿಲ್ಲದ ಕ್ರಿಕೆಟ್ಟು. ಒಂದು ಮಗ್ ಬಿಯರಿನ ಬೆಲೆಯಲ್ಲಿ ಮೊಳಕಾಲ್ಮುರಿನ ಆ ತಾಯಿಯ ಒಂದು ದಿನದ ಕಂಡಿಕೆಯ ಕೂಲಿಗಿಂತ ಹೆಚ್ಚು ಇತ್ತು ಎಂಬುದನ್ನು ಮಾತ್ರ ನನ್ನ ಕಣ್ಣು ತಪ್ಪಿಸಿಕೊಳ್ಳಲಿಲ್ಲ.

ಮೂಲೆಯ ಗೇಣೆತ್ತರದ ಕಟ್ಟೆಯ ಮೇಲೆ ಅವನು ಗಿಟಾರು ಹಿಡಿದು ಕುಳಿತಿದ್ದ. ಪಕ್ಕದಲ್ಲಿ ಇನ್ನೊಬ್ಬ ಹುಡುಗ ಮರದ ಪೆಟ್ಟಿಗೆಯಂತಹ ವಾದ್ಯದ ಮೇಲೆ ಕುಳಿತು ಅದನ್ನೇ ಬಡಿಯುತ್ತಿದ್ದ. ಒಂದು ಇಂಗ್ಲಿಷ್ ಹಾಡು, ಎರಡು ಹಿಂದಿ ಹಾಡು. ಯಾರೂ ಕೇಳುತ್ತಿರಲಿಲ್ಲ. ಅವನ ಕಣ್ಣು ನನ್ನ ಮೇಲೆ ಬಿತ್ತು. ಗುರುತು ಹಿಡಿದ. ಗಿಟಾರಿನ ಕಿವಿ ತಿರುವುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ಷರೀಫರ ಪದಗಳಿಗೆ ಬಂದ. ಮೊದಲಿಗೆ ಗುಡುಗುಡಿಯ ಪದ. ಮನಸ್ಸಿನ ಚಟಗಳನ್ನು ಸುಟ್ಟು ಹೊಗೆ ಮಾಡೆಂದು ಹುಕ್ಕದ ನೆಪದಲ್ಲಿ ಹೇಳುವ ಆ ಪದವನ್ನು ರಘು ದೀಕ್ಷಿತ್ ಅವರು 2008ರ ತಮ್ಮ ಆಲ್ಬಮ್ಮಿನಲ್ಲಿ ಹೊಸ ವಾದ್ಯಗಳೊಡನೆ ಹಾಡಿದ ಮೇಲೆ ನಗರದ ಯುವಜನರಿಗೂ ಅದು ಬಾಯಿಪಾಠ. ಮೇಜುಗಳು ಕುಣಿದವು, ಗ್ಲಾಸುಗಳು ಮೇಲೆದ್ದವು. ಚಟ ಬಿಡೆನ್ನುವ ಪದಕ್ಕೆ ಗ್ಲಾಸು ಎತ್ತುವುದು! ಷರೀಫರು ಅಲ್ಲಿದ್ದರೆ ನಕ್ಕಿರುತ್ತಿದ್ದರೆಂದೇ ನನ್ನ ಊಹೆ.

ಆಮೇಲೆ ಅವನು ತಾಳದ ಹುಡುಗನಿಗೆ ನಿಲ್ಲಿಸುವಂತೆ ಸನ್ನೆ ಮಾಡಿ, ಒಂದೇ ತಂತಿಯನ್ನು ಮೀಟುತ್ತಾ, ಸೋರುವ ಮಾಳಿಗೆಯ ಪದವನ್ನು ಎತ್ತಿಕೊಂಡ. ನಿಧಾನವಾಗಿ, ಹಳ್ಳಿಯಲ್ಲಿ ಹಾಡುವ ಹಾಗೆ. ಎರಡನೆಯ ನುಡಿಯ ಹೊತ್ತಿಗೆ ಪಕ್ಕದ ಮೇಜಿನವರ ಮಾತು ನಿಂತಿತು. ಆಚೆಯ ಮೇಜಿನಲ್ಲಿ ಫೋನು ಕೆಳಗಿಟ್ಟ ಸದ್ದು ಕೇಳಿಸಿತು. ತಟ್ಟೆ ಹಿಡಿದಿದ್ದ ಮಾಣಿಯೊಬ್ಬ ಕಂಬಕ್ಕೆ ಒರಗಿ ನಿಂತುಬಿಟ್ಟ. ಯಾವ ಊರಿನವನೋ, ಅವನ ಮನೆಯ ಮಾಳಿಗೆಯೂ ಮಣ್ಣಿನದ್ದೋ ಏನೋ. ಹಾಡು ಮುಗಿದ ಮೇಲೆ ಕೂಡಲೇ ಚಪ್ಪಾಳೆ ಬೀಳಲಿಲ್ಲ. ನನ್ನ ಇಷ್ಟು ವರ್ಷಗಳ ಪ್ರಬೋಧನೆಗಳಲ್ಲಿ ಅಂತಹ ಮೌನ ನನಗೆ ಎಷ್ಟು ಬಾರಿ ದೊರೆತಿದೆ ಎಂದು ಬೆರಳು ಮಡಿಸಿ ನೋಡಿಕೊಂಡೆ.

ಬಿಡುವಿನಲ್ಲಿ ಅವನು ಹೊರಗಿನ ಮೆಟ್ಟಿಲಿಗೆ ಬಂದ. ಕೈಯಲ್ಲಿ ಬಿಸಿನೀರಿನ ಲೋಟ. “ನಾನು ಕುಡಿಯಲ್ಲ ಫಾದರ್. ಅಮ್ಮಂಗೆ ಹೇಳಿ” ಎಂದ, ನಾನು ಕೇಳುವ ಮೊದಲೇ. ರಾತ್ರಿಗೆ ಇಷ್ಟೆಂದು ಗೊತ್ತು ಮಾಡಿದ ಹಣವಂತೆ. ಮೇಜುಗಳು ಖಾಲಿಯಿದ್ದ ದಿನ ಅದರಲ್ಲೂ ಕಡಿತವಂತೆ. ಸಂಗೀತದ ರಾತ್ರಿಗಳಲ್ಲಿ ಜನ ಹೆಚ್ಚು ಹೊತ್ತು ಕೂರುತ್ತಾರೆ, ಹೆಚ್ಚು ಹೊತ್ತು ಕೂತರೆ ಇನ್ನೊಂದು ಸುತ್ತು ತರಿಸುತ್ತಾರೆ, ಅದಕ್ಕಾಗಿಯೇ ತನ್ನನ್ನು ಇಟ್ಟುಕೊಂಡಿರುವುದು ಎಂದು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದ. ಪಡಖಾನೆಯ ಬೆಂಚಿನಲ್ಲಿ ಅವನ ಅಪ್ಪ ಬಿಟ್ಟಿಯಾಗಿ ಕೊಟ್ಟದ್ದನ್ನು ಇಲ್ಲಿ ಮಗ ಗಂಟೆಯ ಲೆಕ್ಕದಲ್ಲಿ ಮಾರುತ್ತಿದ್ದ.

ನಾನು ಅಂದು ಆಡಿದ ಮಾತಿಗೆ ಕ್ಷಮೆ ಕೇಳಿದೆ. ಬಹಳ ತಡವಾಗಿ ಕೇಳಿದ ಕ್ಷಮೆ. ಅವನು ನಕ್ಕ. “ಬಿಡಿ ಫಾದರ್. ಅಲ್ಲಿ ನೀವು ಇದು ಬಾರ್ ಅಲ್ಲ ಅಂದ್ರಿ. ಇಲ್ಲಿ ನಿಧಾನದ ಪದ ಹಾಡಿದ್ರೆ ಮ್ಯಾನೇಜರು ಇದು ಚರ್ಚ್ ಅಲ್ಲ ಅಂತಾರೆ. ನಾನು ಎಲ್ಲಿ ಹಾಡ್ಲಿ ಹೇಳಿ?” ನಗುತ್ತಲೇ ಕೇಳಿದ್ದ. ನನ್ನ ಬಳಿ ಉತ್ತರವಿರಲಿಲ್ಲ. ಒಳಗಿನಿಂದ ಯಾರೋ ಕೂಗಿದರು. ಲೋಟವನ್ನು ಮೆಟ್ಟಿಲಿನ ಮೇಲಿಟ್ಟು ಒಳಗೆ ಹೋದ.

ಒಂದು ವಾರದ ಬಳಿಕ ಚಳ್ಳಕೆರೆಯಿಂದ ಮೊಳಕಾಲ್ಮುರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಪ್ಪು ಕಲ್ಲಿನ ಗುಡ್ಡ, ಜಾಲಿ, ಶೇಂಗಾದ ಒಣ ಹೊಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ನೆಲಗಳಲ್ಲಿ ಇದೂ ಒಂದು. ನಡುವೆ ತಳುಕು ಸಿಗುತ್ತದೆ. ಕನ್ನಡಕ್ಕೆ ಟಿ.ಎಸ್. ವೆಂಕಣ್ಣಯ್ಯನವರನ್ನು, ತ.ರಾ. ಸುಬ್ಬರಾಯರನ್ನು ಕೊಟ್ಟ ಮನೆತನದ ಊರು. ತ.ರಾ.ಸು. ಅವರ ‘ಹಂಸಗೀತೆ’ಯನ್ನು ನಿಮ್ಮಲ್ಲಿ ಅನೇಕರು ಓದಿರಬೇಕು. ಓದದಿದ್ದವರು ಜಿ.ವಿ. ಅಯ್ಯರರ 1975ರ ಚಿತ್ರವನ್ನಾದರೂ ನೋಡಿರಬಹುದು. ಅದಕ್ಕೂ ಮೊದಲು 1956ರಲ್ಲಿ ಅದೇ ಕಥೆ ಹಿಂದಿಯಲ್ಲಿ ‘ಬಸಂತ್ ಬಹಾರ್’ ಎಂಬ ಚಿತ್ರವಾಗಿತ್ತು. ದೊರೆಯ ಅಪ್ಪಣೆಗೆ ಹಾಡಲಾರೆನೆಂದು ತನ್ನ ನಾಲಗೆಯನ್ನೇ ಕತ್ತರಿಸಿಕೊಂಡ ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ ಅದು. ಯೌವನದಲ್ಲಿ ಓದಿದಾಗ ರೋಮಾಂಚನಗೊಂಡಿದ್ದೆ. ಬಸ್ಸಿನ ಕಿಟಕಿಯಲ್ಲಿ ತಳುಕಿನ ಫಲಕ ಹಿಂದೆ ಸರಿಯುವಾಗ ಬೇರೊಂದು ವಿಚಾರ ಬಂತು. ವೆಂಕಟಸುಬ್ಬಯ್ಯನ ಮನೆಯಲ್ಲಿ ಕಂಡಿಕೆ ಸುತ್ತುವ ತಾಯಿ ಇದ್ದಿದ್ದರೆ?

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆಯೆಂದು ಇಲ್ಲಿನ ಶಾಲಾಮಕ್ಕಳೂ ಬಲ್ಲರು. ತಂದೆತಾಯಿಯರ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿಡಿ, ಸತ್ಯ ನುಡಿಯಿರಿ ಎಂದು ಆ ಬಂಡೆ ಹೇಳುತ್ತದೆ. ಆ ಚಕ್ರವರ್ತಿಯದೇ ಇನ್ನೊಂದು ಶಾಸನ, ಆಂಧ್ರದ ಎರ್ರಗುಡಿಯ ಬಂಡೆಯ ಮೇಲೂ ಕೊರೆದಿರುವುದು, ಜನ ಕೂಡಿ ನಲಿಯುವ ‘ಸಮಾಜ’ಗಳಲ್ಲಿ ಬಹಳ ದೋಷವಿದೆ, ಅವು ಕೂಡದು ಎನ್ನುತ್ತದೆ. ಅಷ್ಟು ಹೇಳಿದವನು ಅಲ್ಲಿಗೇ ನಿಲ್ಲಿಸದೆ, ಕೆಲವು ಸಮಾಜಗಳು ಒಳ್ಳೆಯವೂ ಉಂಟು ಎಂದು ಸೇರಿಸಿದ್ದಾನೆ. ಯಾವುವು ಒಳ್ಳೆಯವು ಎಂಬ ಪಟ್ಟಿಯನ್ನು ಕೊಟ್ಟಿಲ್ಲ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಆ ಅರೆಮನಸ್ಸಿನ ಬಗ್ಗೆ ನನಗೆ ಅಂದು ಬಹಳ ಸ್ನೇಹ ಉಂಟಾಯಿತು.

ಆಕೆ ಅದೇ ಪಡಸಾಲೆಯಲ್ಲಿ, ಅದೇ ರಾಟೆಯ ಮುಂದೆ ಕುಳಿತಿದ್ದರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಬಿಸಿನೀರಿನ ಲೋಟದ ಮಾತು ಹೇಳಿದಾಗ ರಾಟೆ ಒಂದು ಕ್ಷಣ ನಿಧಾನವಾಯಿತು. ಜನ ಎರಡನೆಯ ಸುತ್ತು ತರಿಸಲೆಂದೇ ಅವನನ್ನು ಇಟ್ಟುಕೊಂಡಿದ್ದಾರೆ ಎಂಬುದನ್ನೂ ಮರೆಮಾಚಲಿಲ್ಲ. ಹಾಡುವುದು ಪಾಪವಲ್ಲವೆಂದೂ, ಆ ಹಣ ಮುಟ್ಟಲು ಅಡ್ಡಿಯಿಲ್ಲವೆಂದೂ, ಆದರೆ ಮುಟ್ಟಬೇಕೆಂದು ಆಕೆಗೆ ಹೇಳುವ ಹಕ್ಕು ನನಗಿಲ್ಲವೆಂದೂ ಹೇಳಿದೆ. ಆಕೆ ಅದಕ್ಕೆ ಏನೂ ಅನ್ನಲಿಲ್ಲ.

“ಅವನು ಹಾಡುವಾಗ ಜನ ಮಾತು ನಿಲ್ಸಿದ್ರಾ, ಫಾದರ್?”

“ಒಂದು ಪದಕ್ಕೆ ನಿಲ್ಲಿಸಿದರಮ್ಮ.”

“ಯಾವುದಕ್ಕೆ?”

“ಮಾಳಿಗೆಯ ಪದಕ್ಕೆ.”

ರಾಟೆ ನಿಂತಿತು. ಆಕೆ ತಲೆಯೆತ್ತಿ ಮೇಲೆ ನೋಡಿದರು. ಆ ಮನೆಯದು ಮಣ್ಣಿನ ಮಾಳಿಗೆ. ತೊಲೆಯ ಪಕ್ಕದಲ್ಲಿ ನೀರಿಳಿದ ಹಳೆಯ ಕಲೆಗಳಿದ್ದವು. “ಅವರಪ್ಪನೂ ಅದನ್ನೇ ಹಾಡೋರು. ಮಳೆ ಬಂದ್ರೆ ನಾನು ಪಾತ್ರೆ ಇಡ್ತಾ ಓಡಾಡ್ತಿದ್ರೆ, ಈ ಕಂಬಕ್ಕೆ ಒರಗಿ ಕೂತು ಅದೇ ಪದ ಹಾಡೋರು. ನನಗೆ ಮೈಯೆಲ್ಲ ಉರಿಯೋದು” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಮೂರನೇ ನುಡೀಲಿ ಯಾವಾಗ್ಲೂ ತಪ್ಪೋರು. ಇವನು ಸರಿಯಾಗಿ ಹಾಡಿದ್ನಾ?” ಎಂದು ಕೇಳಿದರು.

ಮೂರನೆಯ ನುಡಿ ಯಾವುದೆಂದು ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಆಕೆ ರಾಟೆಯ ಹಿಡಿಯನ್ನು ಮತ್ತೆ ಹಿಡಿದು ಮೆಲ್ಲಗೆ ತಿರುಗಿಸುತ್ತಾ, ನನ್ನ ಕಡೆ ನೋಡದೆ, ಆ ನುಡಿಯನ್ನು ಹಾಡಿ ತೋರಿಸಿದರು. ಪೆಟ್ಟಿಗೆಯ ಮಾತು ಅಂದು ಮತ್ತೆ ಬರಲಿಲ್ಲ.